ಬಾವಿಯಿಂದ ಎದ್ದು ಬಂದವಳು

ದೆವ್ವದ ಸಿನಿಮಾಗಳನ್ನು ನಾನು ಹಗಲಿನಲ್ಲೇ ನೋಡುವುದು. ಹೆದರಿಕೆಯಿಂದ ಅಲ್ಲ ಎಂದರೆ ಸುಳ್ಳಾಗುತ್ತದೆ. ಜಪಾನು, ಕೊರಿಯಾ, ಥಾಯ್ಲೆಂಡ್, ಇಂಡೋನೇಷ್ಯಾಗಳ ದೆವ್ವಗಳೆಲ್ಲ ಪುತ್ತೂರಿನ ನಮ್ಮ ಬಾಡಿಗೆ ಮನೆಗೆ ಬಂದು ಹೋಗಿರುವುದು ಭಾನುವಾರದ ಮಧ್ಯಾಹ್ನ, ಊಟ ಮುಗಿದ ಮೇಲೆ. ಕಿಟಕಿಯ ಪರದೆ ಸರಿಸಿಟ್ಟು, ರಸ್ತೆಯಲ್ಲಿ ರಿಕ್ಷಾಗಳು ಓಡಾಡುವ ಸದ್ದು ಕೇಳುತ್ತಿದ್ದರೆ ನನಗೆ ಧೈರ್ಯ. ನನ್ನ ಗಂಡ ಸುಳ್ಯದ ಕಡೆಯವರು. ಟಿವಿಗೆ ಬೆನ್ನು ಹಾಕಿ ಕೂತು ಪೇಪರ್ ಓದುತ್ತಾರೆ. ಆದರೆ ಎದ್ದು ಹೋಗುವುದಿಲ್ಲ. ಸಂಗೀತ ಜೋರಾದಾಗ ತಿರುಗದೆಯೇ ಕೇಳುತ್ತಾರೆ.

"ಸತ್ತಳಾ?"

"ಅವಳು ಮೊದಲೇ ಸತ್ತಾಗಿದೆ. ಈಗ ಬಂದದ್ದು ದೆವ್ವ."

"ಹಾಗಾದ್ರೆ ಇನ್ನೆಂತ ಹೆದರಿಕೆ? ಆಗುದೆಲ್ಲ ಆಗಿ ಆಯ್ತಲ್ಲ."

ಈ ಚಟ ನನಗೆ ಹತ್ತಿದ್ದು ಮನೆಯಲ್ಲಿ ಅಲ್ಲ, ನಾನು ಕೆಲಸ ಮಾಡುವ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ. ಹತ್ತಿಸಿದವಳು ನನ್ನ ಜೊತೆ ಕೆಲಸಕ್ಕಿದ್ದವಳು, ನನಗಿಂತ ಹದಿನೈದು ವರ್ಷಕ್ಕಾದರೂ ಚಿಕ್ಕವಳು. ಕಡಬದ ಹತ್ತಿರದ ಕೋಡಿಂಬಾಳದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದಳು. ಜಾಲ್ಸೂರಿನ ಕಡೆಗೆ ಮದುವೆಯಾಗಿ ಹೋಗಿ, ಅಲ್ಲಿ ಹೊಂದಾಣಿಕೆಯಾಗದೆ ತಾಯಿಯ ಮನೆಗೆ ಮರಳಿದ್ದಳು. ಅದರ ಬಗ್ಗೆ ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ಬದಲಿಗೆ ಸಿನಿಮಾದ ಬಗ್ಗೆ ಹೇಳುತ್ತಿದ್ದಳು. ಮಧ್ಯಾಹ್ನ ಲ್ಯಾಬಿಗೆ ಯಾರೂ ಬರದ ಹೊತ್ತಿನಲ್ಲಿ ಮೇಜಿನ ಮೇಲೆ ಅವಳ ಫೋನನ್ನು ನೀರಿನ ಬಾಟಲಿಗೆ ಒರಗಿಸಿಟ್ಟು, ಬುತ್ತಿ ಬಿಚ್ಚಿಕೊಂಡು, ಒಂದು ಸಿನಿಮಾವನ್ನು ವಾರಪೂರ್ತಿ ತುಂಡುತುಂಡಾಗಿ ನೋಡುತ್ತಿದ್ದೆವು. ದೆವ್ವ ಬಂದಾಗ ನಾನು ಅನ್ನದ ಮೇಲೆ ಕಣ್ಣು ಹಾಕುತ್ತಿದ್ದೆ. ಅವಳು ನಗುತ್ತಿದ್ದಳು.

ನೋಡಿ ಮುಗಿದ ಮೇಲೆ ತೀರ್ಪು ಕೊಡುವುದು ನಮ್ಮ ಕ್ರಮ. ನನ್ನ ತೀರ್ಪು ಸುಲಭದ್ದು: ನನಗೆ ಎಷ್ಟು ಹೆದರಿಕೆಯಾಯಿತು ಎಂಬುದಷ್ಟೇ. ಅವಳದು ಬೇರೆ. "ಈ ಹೆಂಗಸಿಗೆ ಎಂತ ಆಗಿತ್ತು ಅಂತ ಸರಿಯಾಗಿ ಹೇಳಿದ್ದಾರಾ ಇಲ್ಲವಾ, ಅದು ಮುಖ್ಯ ಅಕ್ಕ" ಅನ್ನುವಳು. ಸುಮ್ಮನೆ ಬಾಗಿಲಿನ ಹಿಂದಿನಿಂದ ಹಾರಿ ಹೆದರಿಸುವ ದೆವ್ವಗಳನ್ನು ಕಂಡರೆ ಅವಳಿಗೆ ಸಿಟ್ಟು. ಒಮ್ಮೆ ಕೊರಿಯಾದ ಒಂದು ಚಿತ್ರ ಮುಗಿದಾಗ ಬುತ್ತಿಯ ಮುಚ್ಚಳ ಹಾಕುತ್ತಾ ಕೇಳಿದ್ದು ಇನ್ನೂ ನೆನಪಿದೆ.

"ಅಕ್ಕ, ಎಲ್ಲ ದೇಶದಲ್ಲಿಯೂ ಹೆಂಗಸರೇ ಯಾಕೆ ದೆವ್ವ ಆಗುದು? ಗಂಡಸರಿಗೆ ಪುರುಸೊತ್ತಿಲ್ಲವಾ?"

ನಾವಿಬ್ಬರೂ ನಕ್ಕೆವು. ಹೊರಗೆ ರಕ್ತ ಕೊಡಲು ಬಂದು ಕೂತಿದ್ದ ಅಜ್ಜನೊಬ್ಬರು ಬಾಗಿಲಿನಿಂದ ಇಣುಕಿ, ಇಲ್ಲಿ ಇಷ್ಟು ನಗಲಿಕ್ಕೆ ಎಂತ ಉಂಟು ಅಂತ ವಿಚಾರಿಸಿಕೊಂಡರು. ಅವಳೇ ಎದ್ದು ಹೋಗಿ ಅವರ ತೋಳಿಗೆ ರಬ್ಬರ್ ಪಟ್ಟಿ ಬಿಗಿದಳು. ಅವಳ ಕೈ ಹಗುರ. ಚುಚ್ಚಿದ್ದೇ ಗೊತ್ತಾಗುವುದಿಲ್ಲ ಎಂದು ಎಷ್ಟೋ ಮಂದಿ ಅವಳೇ ಬೇಕೆಂದು ಕಾಯುತ್ತಿದ್ದರು.

ಒಂದು ಬೇಸಿಗೆಯ ಬೆಳಿಗ್ಗೆ ಅವಳು ತಾಯಿಯ ಮನೆಯ ಬಾವಿಗೆ ಬಿದ್ದು ಹೋದಳು.

ನೋಡಿದವರು ಯಾರೂ ಇಲ್ಲ. ಕಾಲು ಜಾರಿರಬೇಕು ಎಂದು ಪೊಲೀಸರು ಬರೆದುಕೊಂಡರು. ತಾಯಿಯೂ ಅದನ್ನೇ ಹೇಳಿದರು. ಬೇರೆಯವರು ಬೇರೆ ಹೇಳಿದರು. ಗಂಡನ ಮನೆ ಬಿಟ್ಟು ಬಂದವಳು ಬಾವಿಗೆ ಬಿದ್ದರೆ ಊರಿನವರಿಗೆ ಕಾಲು ಜಾರಿದ್ದೆಂದು ನಂಬಲು ಮನಸ್ಸಾಗುವುದಿಲ್ಲ. ಅದರ ಹಿಂದಿನ ಸಂಜೆ ಬಸ್ಸಿಗೆ ಹೊರಡುವಾಗ ಅವಳು ನನ್ನೊಡನೆ ಮಾತಾಡಿದ್ದು, ನಾವು ಅರ್ಧ ನೋಡಿದ್ದ ಥಾಯ್ ಸಿನಿಮಾದಲ್ಲಿ ಮನೆಯ ಯಜಮಾನಿಯೇ ದೆವ್ವ ಇರಬಹುದು, ಪಂಥ ಕಟ್ಟುತ್ತೀರಾ ಎಂದು. ನಾಳೆ ನೋಡುವ ಎಂದಿದ್ದೆ. ನಾಳೆಯ ಸಿನಿಮಾಕ್ಕೆ ಕಾಯುವವಳು ಬಾವಿಗೆ ಯಾಕೆ ಹಾರುತ್ತಾಳೆ? ನಾನು ಇದನ್ನು ಕೇಳಿದವರಿಗೆಲ್ಲ ಹೇಳಿದೆ. ಅದು ಸಾಕ್ಷಿ ಅಲ್ಲ ಎಂದು ನನಗೂ ಗೊತ್ತಿತ್ತು.

ಬಹಳ ಕಾಲ ಸಿನಿಮಾ ನೋಡಲಿಲ್ಲ. ಮತ್ತೆ ಯಾವಾಗ ಶುರುವಾಯಿತು ಎಂದು ಸರಿಯಾಗಿ ನೆನಪಿಲ್ಲ. ಒಬ್ಬಳೇ ನೋಡಿದಾಗ ತೀರ್ಪು ಹೇಳಲು ಯಾರೂ ಇರುತ್ತಿರಲಿಲ್ಲ, ಹಾಗಾಗಿ ಬರೆಯತೊಡಗಿದೆ. ಪರಿಚಯದವರು ನಡೆಸುವ ಒಂದು ಅಂತರ್ಜಾಲ ಪತ್ರಿಕೆಯಲ್ಲಿ ಏಷ್ಯಾದ ದೆವ್ವದ ಚಿತ್ರಗಳ ಬಗ್ಗೆ ಅಷ್ಟಿಷ್ಟು ಬರೆದೆ. ಬರೆಯುವಾಗ ನನ್ನ ಮಾನದಂಡ ನನಗೇ ತಿಳಿಯದಂತೆ ಅವಳದಾಗಿತ್ತು. ಬಾವಿಯಿಂದ ಹೆಂಗಸು ಎದ್ದು ಬರುವ ಚಿತ್ರಗಳನ್ನು ಮಾತ್ರ ನಾನು ಮುಟ್ಟಲಿಲ್ಲ. ಅಂಥವು ಜಪಾನಿನಲ್ಲಿಯೂ ಅವನ್ನು ನೋಡಿ ಮಾಡಿದ ಇತರ ದೇಶಗಳಲ್ಲಿಯೂ ಬೇಕಾದಷ್ಟಿವೆ. ಬಿಳಿ ಬಟ್ಟೆ, ಮುಖ ಮುಚ್ಚುವ ಒದ್ದೆ ಕೂದಲು, ದಂಡೆಯ ಮೇಲೆ ಒಂದು ಕೈ. ಕೈ ಕಾಣಿಸಿದ ಕೂಡಲೇ ಟಿವಿ ಆರಿಸುತ್ತಿದ್ದೆ.

ಈ ಬರಹಗಳನ್ನು ನೋಡಿ ಸುಳ್ಯದ ಒಂದು ಸಣ್ಣ ಸಾಂಸ್ಕೃತಿಕ ಬಳಗದವರು ಕರೆ ಮಾಡಿದರು. ಕಾಲೇಜು ವಿದ್ಯಾರ್ಥಿಗಳಿಗೆ ಕಿರುಚಿತ್ರ ಸ್ಪರ್ಧೆ ಇಟ್ಟಿದ್ದಾರಂತೆ, ವಿಷಯ ಹೆದರಿಕೆ, ನಾನು ತೀರ್ಪುಗಾರಳಾಗಬೇಕಂತೆ. ಗಂಡ ಪೇಪರಿನ ಹಿಂದಿನಿಂದಲೇ ಹೇಳಿದರು, "ಹೋಗು. ಮಕ್ಕಳ ದೆವ್ವ ಅಲ್ಲವಾ, ಎಂತ ಮಾಡುದಿಲ್ಲ."

ಇನ್ನೊಬ್ಬ ತೀರ್ಪುಗಾರರು ನಿವೃತ್ತ ಶಿಕ್ಷಕರು. ಶಾಲೆಯಲ್ಲಿ ನಾಟಕ ಆಡಿಸಿ ಹೆಸರಾದವರು, ಎಲ್ಲರಿಗೂ ಮಾಸ್ಟ್ರು. ಸುಳ್ಯದ ಒಂದು ಸಭಾಭವನದ ಮೇಲಿನ ಕೋಣೆಯಲ್ಲಿ, ಕಿಟಕಿಗೆ ಜಮಖಾನ ಕಟ್ಟಿ ಕತ್ತಲೆ ಮಾಡಿ, ಬೆಳಿಗ್ಗೆಯೇ ನಮ್ಮಿಬ್ಬರನ್ನು ಕೂರಿಸಿದರು. ಹೆಚ್ಚಿನ ಚಿತ್ರಗಳು ಸಪ್ಪೆ. ಹಾಸ್ಟೆಲಿನಲ್ಲಿ ಬಾಗಿಲು ತಾನಾಗಿ ತೆರೆಯುತ್ತದೆ, ಕನ್ನಡಿಯಲ್ಲಿ ಮುಖ ಕಾಣಿಸುತ್ತದೆ, ಕೊನೆಗೆ ಎಲ್ಲವೂ ಕನಸು. ಖಾಲಿ ಮನೆಯಲ್ಲಿ ಕರೆಂಟಿನ ಮೀಟರು ತಿರುಗುತ್ತಲೇ ಇರುವ ಒಂದು ಚಿತ್ರ ಮಾತ್ರ ಪರವಾಗಿಲ್ಲ ಅನಿಸಿತು. ಮಾಸ್ಟ್ರು ಎರಡು ಸಲ ತೂಕಡಿಸಿದರು.

ಆಮೇಲೆ ಪರದೆಯ ಮೇಲೆ ಒಂದು ಸಾಲು ಮೂಡಿತು. "ಕಡಬದ ಬಳಿ ನಡೆದ ನಿಜ ಘಟನೆ."

ಒಂದು ಬಾವಿ. ಕ್ಯಾಮೆರಾ ಬಾವಿಯ ಒಳಗಿನಿಂದ ಮೇಲಕ್ಕೆ ನೋಡುತ್ತಿತ್ತು. ದುಂಡಗಿನ ಆಕಾಶ, ಅಂಚಿನಲ್ಲಿ ಜರಿಗಿಡ. ಒಂದು ಹುಡುಗಿಯ ಮುಖ ಅಂಚಿನಿಂದ ಇಣುಕಿ ಹೋಗುತ್ತದೆ. ಅವಳು ನೀರು ಸೇದುತ್ತಾಳೆ. ರಾಟೆ ಕಿರುಗುಟ್ಟುತ್ತದೆ. ಹಗ್ಗ ಭಾರವಾಗುತ್ತದೆ, ಇನ್ನೂ ಭಾರವಾಗುತ್ತದೆ. ಸಂಗೀತ ಇಲ್ಲ, ಬರೀ ಉಸಿರು. ನನಗೆ ಗೊತ್ತಿತ್ತು ಈಗ ಕೈ ಬರುತ್ತದೆ ಎಂದು. ಏಳಬೇಕೆನಿಸಿತು. ಆದರೆ ತೀರ್ಪುಗಾರಳಾಗಿ ಬಂದವಳು ಹೇಗೆ ಎದ್ದು ಹೋಗುವುದು?

ಕೈ ಬಂತು. ಆ ಕೈಗೆ ಬಿಳಿ ಬಟ್ಟೆಯ ತೋಳು ಇತ್ತು. ಸೀರೆಯಲ್ಲ, ನೈಟಿಯಲ್ಲ, ಗುಂಡಿ ಹಾಕಿದ ಕೋಟು. ಎದ್ದು ಬಂದವಳು ಲ್ಯಾಬಿನ ಕೋಟು ಹಾಕಿಕೊಂಡಿದ್ದಳು. ದಂಡೆ ದಾಟಿ, ನೀರು ಸುರಿಸುತ್ತಾ ನಿಂತಳು. ಮತ್ತೊಂದು ಕೈಯಲ್ಲಿ ಸಿರಿಂಜು. ಹಿನ್ನೆಲೆಯಲ್ಲಿ ಒಂದು ದನಿ ಹೇಳಿತು: ಇವಳು ರಕ್ತ ತೆಗೆಯುವ ಕೆಲಸದವಳಾಗಿದ್ದಳು, ಗಂಡ ಬಿಟ್ಟವಳು, ಬಾವಿಗೆ ಹಾರಿದವಳು, ಈಗ ನೀರಿಗೆ ಬಂದವರ ರಕ್ತ ಕೇಳುತ್ತಾಳೆ.

ದೀಪ ಹಾಕಿದರು. ಮಾಸ್ಟ್ರು ಪೂರ್ತಿ ಎಚ್ಚರವಾಗಿದ್ದರು.

"ಇದು ಸಿನಿಮಾ! ನನ್ನ ಮೈ ನೋಡಿ, ರೋಮ ನಿಂತಿದೆ. ಆ ಬಾವಿಯ ಒಳಗಿಂದ ತೆಗೆದದ್ದು ಹೇಗೆ ಅಂತ! ನೀವೆಂತ ಹೇಳ್ತೀರಿ?"

ನಾನು ನೀರು ಕೇಳಿದೆ. ಹೆದರಿದ್ದೇನೆಂದು ತಿಳಿದು ಅವರು ನಕ್ಕರು.

"ಮಾಸ್ಟ್ರೇ, ಇದು ನನಗೆ ಗುರ್ತ ಇದ್ದವಳು," ಎಂದೆ. ವಿಷಯ ಹೇಳಿದೆ. ಅವರು ಗಂಭೀರವಾಗಿ ಕೇಳಿದರು. ಕೆಟ್ಟ ಮನುಷ್ಯರಲ್ಲ. ಆಮೇಲೆ ಹೇಳಿದರು, "ಪಾಪ. ಆದ್ರೆ ನಾವು ನೋಡಬೇಕಾದ್ದು ಸಿನಿಮಾವನ್ನು ಅಲ್ಲವಾ? ಎಲ್ಲ ಕಥೆಯೂ ಯಾರದ್ದೋ ಮನೆಯಲ್ಲಿ ನಡೆದದ್ದೇ ಮಾರಾಯ್ರೆ."

ಅವರ ಮಾತು ತಪ್ಪೆಂದು ಹೇಳುವಂತಿರಲಿಲ್ಲ. ಎಲ್ಲಿಯೋ ಜಪಾನಿನ ಒಂದು ಹಳ್ಳಿಯಲ್ಲಿ ಯಾರದ್ದೋ ಮಗಳು ಬಾವಿಗೆ ಬಿದ್ದಿರಬಹುದು, ಅವಳ ಹೆಸರಿನಲ್ಲಿ ಕಥೆ ಹುಟ್ಟಿರಬಹುದು, ಅದನ್ನು ಸಿನಿಮಾ ಮಾಡಿದವರು ದುಡ್ಡು ಮಾಡಿಕೊಂಡಿರಬಹುದು. ನಾನು ಪುತ್ತೂರಿನಲ್ಲಿ ಕೂತು, ಅನ್ನ ಕಲಸುತ್ತಾ, ಇದು ಹೆದರಿಸಿತು, ಇದು ಹೆದರಿಸಲಿಲ್ಲ ಎಂದು ತೀರ್ಪು ಹೇಳಿದ್ದೆ. ಚಿತ್ರ ನಿಜಕ್ಕೂ ಚೆನ್ನಾಗಿತ್ತು. ಅದೇ ನನ್ನನ್ನು ಹೆಚ್ಚು ಕಾಡಿದ್ದು. ಕಳಪೆಯಾಗಿದ್ದರೆ ಬೈದು ಎದ್ದು ಬರಬಹುದಿತ್ತು.

ತೀರ್ಪು ಕೊಡಲು ಒಂದು ವಾರ ಸಮಯ ಕೇಳಿದೆ. ಬಳಗದವರು ಒಪ್ಪಿ, ಚಿತ್ರ ಮಾಡಿದ ವಿದ್ಯಾರ್ಥಿನಿಯ ಜೊತೆ ಮಾತಾಡಲೂ ಅವಕಾಶ ಮಾಡಿಕೊಟ್ಟರು. ಬೆಳ್ಳಾರೆಯ ಹುಡುಗಿ. ಅಲ್ಲಿಯ ಬಸ್ ನಿಲ್ದಾಣದ ಹತ್ತಿರದ ಹೋಟೆಲಿನಲ್ಲಿ ಸಿಕ್ಕಿದಳು. ನಾನು ಮನಸ್ಸಿನಲ್ಲಿ ಒಬ್ಬಳು ಜಂಬದ ಹುಡುಗಿಯನ್ನು ಕಲ್ಪಿಸಿಕೊಂಡು ಹೋಗಿದ್ದೆ. ಬಂದವಳು ಚಾ ಆರುವವರೆಗೆ ಬಾಯಿ ಬಿಡದ, ಉಗುರು ಕಚ್ಚುವ ಹುಡುಗಿ.

"ಈ ಕಥೆ ನಿನಗೆ ಎಲ್ಲಿ ಸಿಕ್ಕಿತು?"

"ಬಸ್ಸಿನಲ್ಲಿ ಮೇಡಂ. ಕಡಬದಿಂದ ಬರುವ ನನ್ನ ಕ್ಲಾಸಿನವರು ಹೇಳ್ತಿದ್ರು. ಅಲ್ಲಿ ಒಂದು ಬಾವಿ ಉಂಟು, ಬಿಳಿ ಕೋಟಿನವಳು ಬರ್ತಾಳೆ ಅಂತ. ಎಲ್ಲರಿಗೂ ಗೊತ್ತುಂಟು. ಸುಮ್ಮನೆ ಕಥೆ ಅಂತ ಎಣಿಸಿದ್ದೆ."

"ಸುಮ್ಮನೆ ಕಥೆ ಅಂತಾದ್ರೆ ನಿಜ ಘಟನೆ ಅಂತ ಯಾಕೆ ಹಾಕಿದೆ?"

ಅವಳು ತಲೆ ತಗ್ಗಿಸಿದಳು. "ಹಾಗೆ ಹಾಕಿದ್ರೆ ಜಾಸ್ತಿ ಹೆದರಿಕೆ ಆಗ್ತದೆ ಅಂತ."

ಹೌದು, ಆಗುತ್ತದೆ. ಎಷ್ಟು ಸಿನಿಮಾಗಳಲ್ಲಿ ಅದೇ ಸಾಲನ್ನು ಓದಿ ನಾನು ಕಾಲು ಮಡಚಿ ಸೋಫಾದ ಮೇಲೆ ಇಟ್ಟುಕೊಂಡಿಲ್ಲ!

ಕೋಟು ಹಾಕಿಕೊಂಡಿದ್ದವಳು ಯಾರೆಂದು ಅವಳಿಗೆ ಹೇಳಿದೆ. ನಮ್ಮ ಬುತ್ತಿ, ನಮ್ಮ ಫೋನು, ನಮ್ಮ ನಗು. ಹುಡುಗಿ ನನ್ನನ್ನೇ ನೋಡುತ್ತಿದ್ದಳು. ಕೊನೆಗೆ ಅವಳು ಕೇಳಿದ್ದು ನಾನು ನಿರೀಕ್ಷಿಸದ ಪ್ರಶ್ನೆ.

"ಅವರಿಗೆ ಅಮ್ಮ ಇದ್ದಾರಾ ಮೇಡಂ?"

"ಇದ್ದಾರೆ."

"ನಾನು ಅವರ ಹತ್ತಿರ ಕೇಳಬೇಕು. ಬೇಡ ಅಂತ ಹೇಳಿದ್ರೆ ತೆಗೆದುಬಿಡ್ತೇನೆ."

ಬೇಡ ಎಂದೆ. ಆ ತಾಯಿಗೆ ಇದು ಗೊತ್ತಾಗುವುದೇ ಬೇಡ, ಸದ್ದಿಲ್ಲದೆ ಚಿತ್ರ ಹಿಂದಕ್ಕೆ ತಗೋ ಎಂದೆ. ಹುಡುಗಿ ಒಪ್ಪಲಿಲ್ಲ. "ಕಾಲೇಜಿನಲ್ಲಿ ಎಷ್ಟೋ ಜನ ಈಗಾಗಲೇ ನೋಡಿದ್ದಾರೆ ಮೇಡಂ. ನಾಳೆ ಅವರ ಫೋನಿಗೆ ಯಾರಾದ್ರೂ ಕಳಿಸಿದ್ರೆ?" ಮನೆಗೆ ಬಂದು ಗಂಡನನ್ನು ಕೇಳಿದೆ. ಅವರು ಪೇಪರ್ ಮಡಚಿಟ್ಟು, ಈ ವಿಷಯದಲ್ಲಿ ಮೊದಲ ಬಾರಿ ನನ್ನ ಕಡೆ ತಿರುಗಿ ಹೇಳಿದರು: "ಬೇರೆಯವರಿಂದ ಗೊತ್ತಾಗುದಕ್ಕಿಂತ ನೀನು ಹೋಗಿ ಹೇಳುದು ಒಳ್ಳೆಯದು. ಆದ್ರೆ ತೋರಿಸಬೇಡ."

ಮುಂದಿನ ಭಾನುವಾರ ಬೆಳಿಗ್ಗೆ ಹುಡುಗಿ ಮತ್ತು ನಾನು ಕಡಬದಲ್ಲಿ ಇಳಿದು, ರಿಕ್ಷಾ ಹಿಡಿದು ಕೋಡಿಂಬಾಳಕ್ಕೆ ಹೋದೆವು. ಉತ್ತರಕ್ರಿಯೆಯ ನಂತರವೂ ನಾನು ಆಗಾಗ ಆ ಮನೆಗೆ ಹೋಗುತ್ತಿದ್ದವಳು. ನನ್ನ ಗೆಳತಿಯ ತಾಯಿ ಅಂಗನವಾಡಿಯಲ್ಲಿ ಕೆಲಸ ಮಾಡುತ್ತಾರೆ. ಮಗ, ಸೊಸೆ ಜೊತೆಗಿದ್ದಾರೆ. ಮನೆಯ ಹಿಂದೆ ರಬ್ಬರ್ ತೋಟ, ಬದಿಯಲ್ಲಿ ಆ ಬಾವಿ. ಅದಕ್ಕೆ ಈಗ ಕಬ್ಬಿಣದ ಬಲೆ ಹಾಕಿ, ಪಂಪು ಕೂರಿಸಿದ್ದಾರೆ. ರಾಟೆ ಇಲ್ಲ. ಹುಡುಗಿ ಗೇಟಿನಲ್ಲಿಯೇ ನಿಂತು ಬಾವಿಯನ್ನು ನೋಡಿದಳು. ಅವಳು ಚಿತ್ರ ತೆಗೆದದ್ದು ಬೆಳ್ಳಾರೆಯ ತನ್ನ ಮಾವನ ಮನೆಯಲ್ಲಿ. ಈ ಬಾವಿಯನ್ನು ನೋಡುತ್ತಿದ್ದುದು ಮೊದಲ ಬಾರಿ.

ಅಮ್ಮ ಜಗುಲಿಯಲ್ಲಿ ಕೂತು ಅಂಗನವಾಡಿಗೆ ಬಣ್ಣದ ಕಾಗದದ ಹೂ ಕತ್ತರಿಸುತ್ತಿದ್ದರು. ನಮ್ಮ ಮಾತೆಲ್ಲ ನಡೆದದ್ದು ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಯಾರು ಮಗಾ ಈ ಹುಡುಗಿ?"

ದಾರಿಯುದ್ದಕ್ಕೂ ಹೇಗೆ ಹೇಳುವುದೆಂದು ಯೋಚಿಸಿದ್ದೆ. ಅದೊಂದೂ ಬಾಯಿಗೆ ಬರಲಿಲ್ಲ. ಹುಡುಗಿಯೇ ಕೆಳಗೆ ಕೂತು, ಅವರ ಮುಖ ನೋಡದೆ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು. ಬಸ್ಸಿನ ಕಥೆ, ಬಾವಿ, ಕೋಟು, ಸ್ಪರ್ಧೆ. ಸಿರಿಂಜನ್ನೂ ಮುಚ್ಚಿಡಲಿಲ್ಲ. ಅಮ್ಮನ ಕತ್ತರಿ ನಿಂತಿತು. ಒಳಗಿನಿಂದ ಸೊಸೆ ಬಾಗಿಲಿಗೆ ಬಂದಳು.

"ನಿಮಗೆ ನಾಚಿಕೆ ಆಗುದಿಲ್ಲವಾ?" ಎಂದಳು ಸೊಸೆ. ಹುಡುಗಿಗೆ ಅಲ್ಲ, ನನಗೆ. "ಇದನ್ನು ಇಲ್ಲಿ ಬಂದು ಹೇಳುದಾ?"

ಅಮ್ಮ ಕೈಯೆತ್ತಿ ಅವಳನ್ನು ಸುಮ್ಮನಿರಿಸಿದರು.

"ನನಗೆ ಗೊತ್ತಿಲ್ಲ ಅಂತ ಎಣಿಸಿದ್ರಾ ನೀವೆಲ್ಲ?" ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ಅಂಗನವಾಡಿಗೆ ಬರುವ ಮಕ್ಕಳೇ ಹೇಳ್ತಾರೆ. ಟೀಚರಮ್ಮ, ನಿಮ್ಮ ಬಾವಿಯಲ್ಲಿ ದೆವ್ವ ಉಂಟಂತೆ, ಹೌದಾ ಅಂತ ಕೇಳ್ತಾರೆ. ಹಾಲಿನವನು ನೋಡಿದ್ದಾನಂತೆ. ಆಚೆ ಮನೆಗೆ ರಬ್ಬರ್ ಟ್ಯಾಪಿಂಗಿಗೆ ಬರುವವರು ನೋಡಿದ್ದಾರಂತೆ." ಕತ್ತರಿಸಿದ ಹೂಗಳನ್ನು ಒಟ್ಟು ಮಾಡಿ ಪಕ್ಕಕ್ಕಿಟ್ಟರು. "ಊರಿನವರಿಗೆಲ್ಲ ಕಂಡಿದ್ದಾಳೆ. ನಾನು ದಿನಾ ಬೆಳಿಗ್ಗೆ, ಸಂಜೆ ಹೋಗಿ ಬಾವಿಯ ಹತ್ತಿರ ನಿಲ್ತೇನೆ. ನನಗೆ ಒಂದು ದಿನವೂ ಕಾಣಲಿಲ್ಲ."

ಸೊಸೆ ಬಾಗಿಲ ಪಕ್ಕಕ್ಕೆ ಸರಿದು ಮುಖ ಒರೆಸಿಕೊಂಡಳು. ಅತ್ತೆ ಬಾವಿಯ ಹತ್ತಿರ ನಿಲ್ಲುವುದು ಯಾಕೆಂದು ಅವಳಿಗೂ ಗೊತ್ತಿರಲಿಲ್ಲವೆಂದು ಕಾಣುತ್ತದೆ.

"ತೋರಿಸು," ಎಂದರು ಅಮ್ಮ.

ಬೇಡಮ್ಮ ಎಂದೆ. ಸೊಸೆಯೂ ಬೇಡವೆಂದಳು. ಹುಡುಗಿ ನನ್ನ ಮುಖ ನೋಡಿದಳು. ಅಮ್ಮ ಕೈ ಚಾಚಿಕೊಂಡೇ ಇದ್ದರು. ಗಂಡ ಹೇಳಿದ ಮಾತು ನೆನಪಿತ್ತು, ಆದರೆ ಆ ಕೈಯನ್ನು ಹಿಂದಕ್ಕೆ ಕಳಿಸುವುದು ನನ್ನಿಂದಾಗಲಿಲ್ಲ. ನಾನು ತಲೆಯಾಡಿಸಿದೆ.

ಅವರು ಕನ್ನಡಕ ಹಾಕಿಕೊಂಡು ಫೋನನ್ನು ಮಡಿಲಲ್ಲಿ ಇಟ್ಟುಕೊಂಡರು. ನಾನು ಪಕ್ಕದಲ್ಲಿ ಕೂತೆ. ಬಾವಿ, ಆಕಾಶ, ರಾಟೆ. ಅವರು ಬಾಗಿದರು. ಹಗ್ಗ ಭಾರವಾಗುತ್ತಿದ್ದಂತೆ ಅವರ ಉಸಿರೂ ಸಿನಿಮಾದ ಉಸಿರೂ ಒಂದೇ ಆದಂತೆ ನನಗೆ ಕೇಳಿಸಿತು. ಬಿಳಿ ತೋಳಿನ ಕೈ ದಂಡೆಯನ್ನು ಹಿಡಿದಾಗ ನಾನು ಕಣ್ಣು ಮುಚ್ಚಿಕೊಂಡೆ. ಚೀರುತ್ತಾರೆ, ಅಥವಾ ಫೋನು ಎಸೆಯುತ್ತಾರೆ ಅಂದುಕೊಂಡಿದ್ದೆ.

"ಹಿಡಿದುಕೊಂಡಳು," ಎಂದರು.

ಕಣ್ಣು ತೆರೆದೆ. ಅವರ ಮುಖದಲ್ಲಿ ಹೆದರಿಕೆ ಇರಲಿಲ್ಲ. ತುಟಿ ಅಲುಗುತ್ತಿತ್ತು. ಪರದೆಯ ಮೇಲೆ ಹೆಂಗಸು ಒಂದು ಕಾಲು ದಂಡೆಯ ಮೇಲಿಟ್ಟಳು. "ಹಾಂ, ಹಾಗೆ. ಹತ್ತು, ಹತ್ತು," ಎಂದರು ಅಮ್ಮ. ಅವಳು ಹತ್ತಿ ಬಂದು ನಿಂತಳು, ನೀರು ಸುರಿಸುತ್ತಾ. ಅಮ್ಮ ಬೆರಳಿನಿಂದ ಪರದೆಯ ಮೇಲೆ ಅವಳ ಕೂದಲನ್ನು ಸರಿಸಲು ನೋಡಿದರು. ಚಿತ್ರ ನಿಂತುಹೋಯಿತು.

"ಇಲ್ಲಿಗೆ ಸಾಕು. ಇನ್ನೊಮ್ಮೆ ಹಾಕು ಮಗಾ, ಮೇಲೆ ಬರುದು ಮಾತ್ರ."

ಹುಡುಗಿ ಹಿಂದಕ್ಕೆ ಸರಿಸಿ ಹಾಕಿದಳು. ಮತ್ತೆ ಕೇಳಿದರು. ಮತ್ತೆ ಹಾಕಿದಳು. ನನಗೆ ಈ ಲೋಕದ ಯಾವ ದೆವ್ವವೂ ಕೊಡದ ಹೆದರಿಕೆ ಆಗ ಆಯಿತು. ಅದು ಅವರ ಮುಖದಲ್ಲಿದ್ದ ಸಂತೋಷವನ್ನು ಕಂಡು.

ಉಳಿದ ಭಾಗವನ್ನೂ ಆಮೇಲೆ ನೋಡಿದರು. ಸಿರಿಂಜು ಬಂದಾಗ ಮಾತ್ರ ಹುಬ್ಬು ಗಂಟಿಕ್ಕಿದರು. "ಇದು ಎಂತಕ್ಕೆ? ಅವಳು ಯಾರಿಗೂ ನೋವು ಮಾಡಿದವಳಲ್ಲ. ನಿನ್ನ ಸಿನಿಮಾದವಳು ಸೂಜಿ ಹಿಡಿದದ್ದೂ ಸರಿ ಇಲ್ಲ." ಹಾರಿದವಳು ಎಂಬ ಮಾತು ಬಂದಾಗ ಫೋನು ಹಿಂದಕ್ಕೆ ಕೊಟ್ಟರು. "ಇದನ್ನು ತೆಗಿ. ಅವಳು ಜಾರಿ ಬಿದ್ದದ್ದು."

ಹುಡುಗಿ ಅಳುತ್ತಿದ್ದಳು. ಎಲ್ಲ ತೆಗೆಯುತ್ತೇನೆ, ಸಿನಿಮಾವನ್ನೇ ತೆಗೆಯುತ್ತೇನೆ ಎಂದಳು. ಅಮ್ಮ ಅವಳ ತಲೆಯ ಮೇಲೆ ಕೈಯಿಟ್ಟರು. ಹೊರಡುವಾಗ ಅವಳು ಬಾವಿಯಿಂದ ಮೇಲೆ ಬರುವ ತುಣುಕನ್ನು ಮಾತ್ರ ತಮ್ಮ ಫೋನಿಗೆ ಹಾಕಿಸಿಕೊಂಡರು. ನನಗೂ ಕಳಿಸಲು ಹೇಳಿದರು. ಯಾಕೆಂದು ಕೇಳಲಿಲ್ಲ. ಸೊಸೆ ನಮಗೆ ಚಾ ಕೊಟ್ಟಳು, ಆದರೆ ಗೇಟಿನವರೆಗೆ ಬರಲಿಲ್ಲ.

ಹುಡುಗಿ ಸ್ಪರ್ಧೆಯಿಂದ ಚಿತ್ರವನ್ನು ಹಿಂದಕ್ಕೆ ಪಡೆದಳು. ಕರೆಂಟಿನ ಮೀಟರಿನ ಚಿತ್ರಕ್ಕೆ ಬಹುಮಾನ ಬಂತು. ಮಾಸ್ಟ್ರು ಫೋನ್ ಮಾಡಿ, "ಒಂದು ಒಳ್ಳೆ ಸಿನಿಮಾ ಹಾಳು ಮಾಡಿದಿರಿ ಮಾರಾಯ್ರೆ" ಎಂದರು. ಕೋಡಿಂಬಾಳದಲ್ಲಿ ನಡೆದದ್ದನ್ನು ಹೇಳಿದಾಗ "ನಾನೂ ಇದ್ದಿದ್ರೆ ಎಂತ ಮಾಡ್ತಿದ್ದೆನೋ ಗೊತ್ತಿಲ್ಲ" ಎಂದು ಫೋನ್ ಇಟ್ಟರು. ವಿಷಯ ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಮುಗಿಯಲಿಲ್ಲ. ಮಳೆಗಾಲ ಶುರುವಾಗುವ ಹೊತ್ತಿಗೆ ಕೋಡಿಂಬಾಳದ ಅಮ್ಮನ ಮಗನ ಫೋನು ಬಂತು. ಅವನು ಪಿಕಪ್ ಓಡಿಸುವವನು, ಹೆಚ್ಚು ಮಾತಿನವನಲ್ಲ.

"ಅಕ್ಕ, ನೀವು ಅಮ್ಮನಿಗೆ ಎಂತದ್ದೋ ಹಾಕಿ ಕೊಟ್ಟಿದ್ದೀರಂತೆ. ಅವರು ಅದನ್ನೇ ನೋಡ್ತಾ ಕೂತ್ಕೊಳ್ತಾರೆ. ಊಟ ಆರಿ ಹೋದ್ರೂ ಗೊತ್ತಾಗುದಿಲ್ಲ. ಮೊನ್ನೆ ಅಂಗನವಾಡಿಯಲ್ಲಿ ಒಂದು ಮಗುವಿಗೂ ತೋರಿಸಿದ್ದಾರೆ, ಮಗು ಹೆದರಿ ಜ್ವರ ಬಂದು ಮಲಗಿದೆ. ನಾನು ಅದನ್ನು ಅಳಿಸಿಬಿಟ್ಟೆ. ನಿಮ್ಮ ಮೇಲೆ ಸಿಟ್ಟಿಂದ ಹೇಳುದಲ್ಲ. ಆದ್ರೆ ಇನ್ನೊಮ್ಮೆ ಕೊಡಬೇಡಿ."

ಕೊಡುವುದಿಲ್ಲ ಎಂದು ಮಾತು ಕೊಟ್ಟೆ. ಅವನು ಮಾಡಿದ್ದು ಸರಿಯೇ. ಆದರೂ ಮನಸ್ಸು ತಡೆಯಲಿಲ್ಲ; ರಜೆ ಹಾಕಿ ಕೋಡಿಂಬಾಳಕ್ಕೆ ಹೋದೆ. ಅಮ್ಮ ಅಂಗನವಾಡಿಯ ಮೆಟ್ಟಿಲ ಮೇಲೆ ಸಿಕ್ಕಿದರು. ಮಕ್ಕಳನ್ನು ಮನೆಗೆ ಕಳಿಸಿ ಬೀಗ ಹಾಕುತ್ತಿದ್ದರು. ಸಣ್ಣಗಾಗಿದ್ದರು. ಕೂತೆವು.

"ಮಗ ಅಳಿಸಿದ," ಎಂದರು. "ಆ ಮಗುವಿಗೆ ಹಾಗಾದದ್ದು ನನ್ನ ತಪ್ಪು. ಹೆದರಿಕೆ ಆಗ್ತದೆ ಅಂತ ನನಗೆ ಹೊಳೆಯಲೇ ಇಲ್ಲ ಮಗಾ." ಸ್ವಲ್ಪ ತಡೆದು ಕೇಳಿದರು, "ನಿನ್ನ ಹತ್ತಿರ ಉಂಟಲ್ಲ?"

ಇಲ್ಲ ಎನ್ನಬಹುದಿತ್ತು. ಇದೆ ಎಂದೆ. ಆದರೆ ಮಗನಿಗೆ ಕೊಟ್ಟ ಮಾತಿನ ಬಗ್ಗೆಯೂ ಹೇಳಿದೆ. ಅವರು ಒತ್ತಾಯಿಸಲಿಲ್ಲ. ಬೀಗದ ಕೈಯನ್ನು ಸೆರಗಿನ ತುದಿಗೆ ಕಟ್ಟಿಕೊಳ್ಳುತ್ತಾ ಏನೋ ಯೋಚಿಸಿದರು.

"ಆ ಹುಡುಗಿಗೆ ಒಂದು ಕೇಳ್ತೀಯಾ? ದೆವ್ವ ಇಲ್ಲದ್ದು ಮಾಡ್ಲಿಕ್ಕೆ ಆಗ್ತದಾ ಅಂತ. ಬೆಳಿಗ್ಗೆ ಎದ್ದು ಬಾವಿಗೆ ಹೋಗುದು, ನೀರು ಸೇದುದು, ಕೊಡಪಾನ ತಗೊಂಡು ಮನೆಯೊಳಗೆ ಬರುದು. ಅಷ್ಟೇ. ಮತ್ತೆ ಎಂತ ಆಗುದು ಬೇಡ."

ಬಸ್ಸಿನಲ್ಲಿ ಮರಳುವಾಗ ಇದನ್ನು ಹುಡುಗಿಗೆ ಹೇಳಬೇಕೋ ಬೇಡವೋ ಎಂದು ಯೋಚಿಸುತ್ತಾ ಕೂತೆ. ಒಂದು ತುಣುಕು ಅವರನ್ನು ಊಟ ಮರೆಯುವ ಹಾಗೆ ಮಾಡಿತ್ತು. ಇನ್ನೊಂದು ಏನು ಮಾಡೀತು? ಅದನ್ನು ನೋಡಿದ ಮೇಲೆ ಅವರಿಗೆ ಇನ್ನೇನು ಬೇಕೆನಿಸೀತು? ಇಂಥದ್ದಕ್ಕೆ ತೀರ್ಪು ಹೇಳುವುದು ನನಗೆ ಯಾರೂ ಕಲಿಸಿರಲಿಲ್ಲ. ಕೆಲವು ದಿನ ಸುಮ್ಮನಿದ್ದೆ. ಆಮೇಲೆ ಅವರ ಮಗನಿಗೇ ಮೊದಲು ಫೋನ್ ಮಾಡಿ ಕೇಳಿದೆ. "ದೆವ್ವ ಇಲ್ಲದಿದ್ರೆ ಆಗಬಹುದು," ಎಂದ. "ನಾನೂ ಒಟ್ಟಿಗೆ ಕೂತು ನೋಡ್ತೇನೆ."

ಹುಡುಗಿಗೆ ಹೇಳಿದೆ. ಅದರಲ್ಲಿ ಎಂತ ಕಥೆ ಮೇಡಂ ಎಂದು ಕೇಳುತ್ತಾಳೆ ಅಂದುಕೊಂಡಿದ್ದೆ. ಅವಳು ಕೇಳಲಿಲ್ಲ. "ಕೊಡಪಾನ ಎಂತದ್ದು, ಹಗ್ಗ ಎಂತದ್ದು ಅಂತ ಅಮ್ಮನ ಹತ್ತಿರ ಕೇಳಿ ಹೇಳಿ," ಎಂದಳಷ್ಟೇ.

ಅಮ್ಮನಿಗೆ ಫೋನ್ ಮಾಡಿದೆ. ಅವರ ಹಿಂದಿನಿಂದ ಮಕ್ಕಳು ಒಟ್ಟಿಗೆ ಪದ್ಯ ಹೇಳುವುದು ಕೇಳುತ್ತಿತ್ತು. ಅವರು ಹೊರಗೆ ಬಂದರೆಂದು ಕಾಣುತ್ತದೆ, ಸದ್ದು ಕಡಿಮೆಯಾಯಿತು.

"ಕೊಡಪಾನ ಸ್ಟೀಲಿಂದು. ಹಗ್ಗ ತೆಂಗಿನ ನಾರಿಂದು, ಹಳತು," ಎಂದರು. ಆಮೇಲೆ ತಡೆದು, "ಅಲ್ಲ ಮಗಾ, ಹಳತು ಬೇಡ. ಹೊಸ ಹಗ್ಗ ಕಟ್ಲಿಕ್ಕೆ ಹೇಳು ಆ ಹುಡುಗಿಗೆ. ಮತ್ತೆ ದಂಡೆ ಒಳ್ಳೆ ಎತ್ತರ ಇರುವ ಬಾವಿ ನೋಡ್ಲಿ. ನೆಲದಲ್ಲಿ ಪಾಚಿ ಇಲ್ಲದ್ದು."